ದ್ವಾದಶಿಯ ಎಲೆ

ಇವತ್ತು ಏಕಾದಶಿ ಎಂದು ತಾನು ಯಾಕೆ ಹೇಳಿದೆ ಎಂಬುದು ಸುಯಮೀಂದ್ರನಿಗೆ ಹೇಳಿದ ಮರುಗಳಿಗೆಗೂ ತಿಳಿಯಲಿಲ್ಲ. ಮಾತು ಬಾಯಿಂದ ಬಿದ್ದಾಗಿತ್ತು. ದೋಣಿಯವನು ಎಂಜಿನ್ ಬಂದ್ ಮಾಡಿದ್ದ. ಕಾಳಿ ನದಿಯ ನಟ್ಟನಡುವೆ ದೋಣಿ ತನ್ನ ಪಾಡಿಗೆ ತೇಲುತ್ತಿತ್ತು. ಎರಡೂ ಕಡೆಯಿಂದ ಕಾಡು ನೀರಿನ ಅಂಚಿನವರೆಗೆ ಇಳಿದು ಬಂದು ಬೇರುಗಳನ್ನು ನದಿಯೊಳಗೆ ಬಿಟ್ಟುಕೊಂಡಿತ್ತು. ಎದುರಿನ ಹಲಗೆಯ ಮೇಲೆ ಕೂತ ಅಲ್ಲಾಭಕ್ಷ ತೊಡೆಯ ಮೇಲಿಟ್ಟುಕೊಂಡ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಿದ್ದ. ಡಬ್ಬಿ ಹೊಚ್ಚ ಹೊಸದು. ಅಂಗಡಿಯ ಚೀಟಿ ಇನ್ನೂ ಅದಕ್ಕೆ ಅಂಟಿಕೊಂಡೇ ಇತ್ತು. ಹೊಸದೆಂದು ಎದ್ದು ಕಾಣಲಿ ಎಂದೇ ಕೀಳದೆ ಬಿಟ್ಟಿದ್ದರು. ಒಳಗೆ ಬಾಳೆಯೆಲೆಯ ಮೇಲೆ ಮಡಚಿಟ್ಟ ಹೋಳಿಗೆಗಳು. ತುಪ್ಪದ ವಾಸನೆ ಬಂದದ್ದೇ ಬಾಯಲ್ಲಿ ನೀರೂರಿತ್ತು. "ತಗೋಲೇ ಸುಯ್ಯಾ," ಎಂದಿದ್ದ ಅಲ್ಲಾಭಕ್ಷ, "ನಮ್ಮ ಹುಡುಗಿ ಮಾಹೀರಾ ಖುದ್ದ ಮಾಡ್ಯಾಳ. ಡಬ್ಬಿ ಹೊಸಾದು, ತವಾ ಹೊಸಾದು. ಉಳ್ಳಾಗಡ್ಡಿ ಮುಟ್ಟಿದ ಕೈ ಸೈತ ಹಚ್ಚಿಲ್ಲ." ಕೈ ಚಾಚಬೇಕು ಎನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ದುರ್ಗೇಶ ಮೊಬೈಲು ಎತ್ತಿ ಹಿಡಿದದ್ದು ಕಂಡಿತು. ಆ ಸಣ್ಣ ಕಪ್ಪು ಗಾಜಿನ ಕಣ್ಣು. ಸುಯಮೀಂದ್ರನ ಕೈ ಅರ್ಧದಿಂದ ಹಿಂದಕ್ಕೆ ಬಂದು ಮೊಣಕಾಲ ಮೇಲೆ ಕೂತಿತು. "ಇವತ್ತ ಏಕಾದಶಿ ಅದಪಾ," ಎಂದ.

ಅಲ್ಲಾಭಕ್ಷ ಅವನ ಮುಖ ನೋಡಿದ. ಬಹಳ ಹೊತ್ತೇನಲ್ಲ. ಆಮೇಲೆ ತಲೆಯಾಡಿಸಿ, "ಹೌದಲ್ಲ. ನನಗ ಲಕ್ಷ್ಯನ ಇರಲಿಲ್ಲ ನೋಡು," ಎಂದು ಮುಚ್ಚಳವನ್ನು ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ ಒತ್ತಿ ಬಿಗಿಯಾಗಿ ಮುಚ್ಚಿದ. ದುರ್ಗೇಶ, ಹಾಗಾದರೆ ನನಗಾದರೂ ಕೊಡು ಎಂದು ಕೈ ಹಾಕಿದ್ದಕ್ಕೆ, ನಿನಗೆ ಬೇರೆ ಡಬ್ಬಿ ಇದೆ, ಇದು ಅವನದು ಎಂದು ಅಲ್ಲಾಭಕ್ಷ ಚೀಲದಿಂದ ಮನೆಯಲ್ಲಿ ಬಳಸಿ ಬಳಸಿ ನೆಗ್ಗಿದ ಹಳೆಯ ಡಬ್ಬಿಯೊಂದನ್ನು ತೆಗೆದು ಕೊಟ್ಟ. ಹೊಸ ಡಬ್ಬಿಯನ್ನು ತಿರುಗಿ ತೊಡೆಯ ಮೇಲೆ ಇಟ್ಟುಕೊಂಡ. ಅದು ಅಲ್ಲಿಯೇ ಉಳಿಯಿತು. ಸುಯಮೀಂದ್ರ ನೀರು ನೋಡಿದರೂ ಕಾಡು ನೋಡಿದರೂ ಕಣ್ಣಿನ ಅಂಚಿಗೆ ಅದು ಬಿಸಿಲಿನಲ್ಲಿ ಹೊಳೆಯುತ್ತ ಚುಚ್ಚುತ್ತಿತ್ತು.

ಸವಣೂರಿನ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ಈ ಮೂವರು. ದುರ್ಗೇಶ ಈಗ ಹಿರೇಕೆರೂರಿನಲ್ಲಿ ದೈಹಿಕ ಶಿಕ್ಷಣದ ಮಾಸ್ತರ. ಅವನದೇ ಕಾರು, ಅವನದೇ ಹುಮ್ಮಸ್ಸು, ವರ್ಷಕ್ಕೊಮ್ಮೆ ಎಲ್ಲಿಗಾದರೂ ಹೋಗಲೇಬೇಕು ಎನ್ನುವ ಹಟವೂ ಅವನದೇ. ಅಲ್ಲಾಭಕ್ಷ ಸವಣೂರಿನಲ್ಲಿ ವೀಳ್ಯದೆಲೆಯ ವ್ಯಾಪಾರಿ. ಸುಯಮೀಂದ್ರ ಶಿಗ್ಗಾಂವಿಯ ಕಾಲೇಜಿನಲ್ಲಿ ಗಣಿತ ಹೇಳುತ್ತಾನೆ. ಗಣಿತದವನಿಗೆ ಎಣಿಕೆ ತಪ್ಪಬಾರದು. ಆದರೆ ಇವತ್ತು ಯಾವ ತಿಥಿ ಎಂದು ಅವನು ಎಣಿಸಲೇ ಇಲ್ಲ. ಎಣಿಸುವುದಕ್ಕೆ ಮೊದಲೇ ಹೇಳಿಬಿಟ್ಟ. ಏಕಾದಶಿ ಎಂದರೆ ಯಾರೂ ಮುಂದೆ ಕೇಳುವುದಿಲ್ಲ, ಒತ್ತಾಯ ಮಾಡುವುದಿಲ್ಲ. ಒಲ್ಲೆ ಎಂದಂತೆಯೂ ಆಗುವುದಿಲ್ಲ. ಅವನ ಮನೆತನದಲ್ಲಿ ಈ ಮಾತು ಮೂರು ತಲೆಮಾರಿನಿಂದ ಕೊಡೆಯ ಹಾಗೆ ಬಾಗಿಲ ಹಿಂದೆ ತೂಗುತ್ತಿತ್ತು, ಬೇಕೆಂದಾಗ ಕೈಗೆ ಸಿಗುತ್ತಿತ್ತು.

ಆ ಕಪ್ಪು ಗಾಜಿನ ಕಣ್ಣಿನ ಆಚೆ ಯಾರಿದ್ದಾರೆ ಎಂಬುದು ಅವನಿಗೆ ಗೊತ್ತಿತ್ತು. ದುರ್ಗೇಶ ತೆಗೆದ ಫೋಟೊ ಎಲ್ಲ ರಾತ್ರಿಯೊಳಗೆ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತವೆ. ಆ ಗುಂಪಿನಲ್ಲಿ ಹಾನಗಲ್ಲಿನ ಗುರುರಾಜರಾಯರು ಇದ್ದಾರೆ, ಇವರಿಗಿಂತ ಐದು ವರ್ಷ ಮುಂದಿನವರು. ಅವರ ಮಗ ಆಕಾಶನಿಗೆ ಸುಯಮೀಂದ್ರನ ಮಗಳು ಸಂಪದಾಳನ್ನು ಕೊಡುವುದೆಂದು ಮಾತಾಗಿದೆ. ಬರುವ ವಾರ ನಿಶ್ಚಯ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಆದರೂ ಮೊದಲ ಸಲ ಮನೆಗೆ ಬಂದ ದಿನ ಗುರುರಾಜರಾಯರು ಎಲೆಯ ಸುತ್ತ ನೀರು ಕಟ್ಟುತ್ತ, ನಿಮ್ಮಲ್ಲಿ ಹೊರಗಿನ ಊಟ ನಡೆಯುತ್ತದೇನು ಎಂದು ಸಹಜವಾಗಿ ಕೇಳಿದ್ದರು. ಇಲ್ಲ ಎಂದಿದ್ದ ಸುಯಮೀಂದ್ರ. ಹುಬ್ಬಳ್ಳಿಯ ಖಾನಾವಳಿಗಳಲ್ಲಿ ತಿಂದದ್ದು, ಮೌಲ್ಯಮಾಪನಕ್ಕೆ ಹೋದಾಗ ಕ್ಯಾಂಟೀನಿನಲ್ಲಿ ತಿಂದದ್ದು, ಎಲ್ಲವನ್ನೂ ಆ ಒಂದು ಇಲ್ಲ ಗುಳುಂ ಮಾಡಿತ್ತು. ಮಗಳ ಸಲುವಾಗಿ ಹೇಳಿದೆ ಎಂದು ಆಗ ಸಮಾಧಾನ ಮಾಡಿಕೊಂಡಿದ್ದ. ಈಗಲೂ ಮಗಳ ಸಲುವಾಗಿಯೇ ಎಂದುಕೊಂಡು ನೋಡಿದ. ಸಮಾಧಾನ ಆಗಲಿಲ್ಲ. ಸಂಪದಾಳ ಮುಖ ತಂದುಕೊಳ್ಳಲು ಹೋದರೆ ಅಲ್ಲಾಭಕ್ಷನ ಮಗಳು ಮಾಹೀರಾಳ ಮುಖ ಬರುತ್ತಿತ್ತು.

ದೋಣಿಯವನು ತುಟಿಯ ಮೇಲೆ ಬೆರಳಿಟ್ಟು ಬಲಕ್ಕೆ ತೋರಿಸಿದ. ದಂಡೆಯ ಬೇರುಗಳ ನಡುವಿನಿಂದ ನಾಲ್ಕೈದು ನೀರುನಾಯಿಗಳು ಒದ್ದೆ ತಲೆ ಎತ್ತಿ ಇವರನ್ನೇ ನೋಡುತ್ತಿದ್ದವು. ಒಂದು ಬಂಡೆಯ ಮೇಲೆ ಹತ್ತಿ, ಎರಡೂ ಕೈಯಿಂದ ಮೀನು ಹಿಡಿದುಕೊಂಡು ತಲೆಯ ಕಡೆಯಿಂದ ಕಟಕಟ ತಿನ್ನತೊಡಗಿತು. ಸಣ್ಣದೊಂದು ಬಂದು ಅದರ ಬಾಯಿಗೇ ಬಾಯಿ ಹಾಕಿ ಕಸಿಯಿತು. ದೊಡ್ಡದು ಬಿಟ್ಟುಕೊಟ್ಟು ಮತ್ತೆ ನೀರಿಗೆ ಇಳಿಯಿತು. ದುರ್ಗೇಶ ಫೋಟೊದ ಮೇಲೆ ಫೋಟೊ ಹೊಡೆದ. ಅಲ್ಲಾಭಕ್ಷನೂ ತನ್ನ ಫೋನು ತೆಗೆದ. ನೀರುನಾಯಿ ಕಂಡರೆ ಮರೆಯದೆ ಫೋಟೊ ತೆಗೆಯಿರಿ ಎಂದು ಮಾಹೀರಾ ನಾಲ್ಕು ಸಲ ಹೇಳಿ ಕಳಿಸಿದ್ದಳಂತೆ. ಅವಳು ಈಗ ಪಶುವೈದ್ಯಕೀಯ ಕಾಲೇಜಿನ ಮೊದಲ ವರ್ಷದಲ್ಲಿದ್ದಾಳೆ, ರಜೆಗೆಂದು ಬಂದಿದ್ದಾಳೆ. ನಿಮ್ಮ ಸರ್ ಗಣಿತ ಹೇಳಿಕೊಡದಿದ್ದರೆ ಪಿ.ಯು.ಸಿ.ಯೇ ದಾಟುತ್ತಿರಲಿಲ್ಲ, ಸರ್‌ಗೆ ಏನಾದರೂ ಮಾಡಿಕೊಡು ಎಂದು ಅವಳ ತಾಯಿ ಗೌಹರ ಹೇಳಿದ್ದಳಂತೆ. ಅದಕ್ಕೆ ಈ ಹೋಳಿಗೆ. ಅಲ್ಲಾಭಕ್ಷ ಇದನ್ನೆಲ್ಲ ಬೆಳಿಗ್ಗೆ ಕಾರಿನಲ್ಲಿಯೇ ಹೇಳಿದ್ದ. ಕಣಕ ಎರಡು ಸಲ ಹರಿದು ಹೋಗಿ, ಮೂರನೆಯ ಸಲ ಸರಿಯಾಯಿತಂತೆ.

ಎರಡು ವರ್ಷ ಅವಳು ವಾರಕ್ಕೆ ಮೂರು ದಿನ ಸವಣೂರಿನಿಂದ ಶಿಗ್ಗಾಂವಿಗೆ ಬಸ್ಸಿನಲ್ಲಿ ಬರುತ್ತಿದ್ದಳು. ಮನೆಯ ಕಟ್ಟೆಯ ಮೇಲೆ ಕೂರಿಸಿ ಹೇಳಿಕೊಡುತ್ತಿದ್ದ. ಕಟ್ಟೆಯ ಮೇಲೆ ಗಾಳಿ ಚೆನ್ನಾಗಿ ಬರುತ್ತದೆ ಎಂದು ಮೊದಲ ದಿನವೇ, ಅವಳು ಕೇಳುವ ಮುಂಚೆಯೇ, ಅವನು ಹೇಳಿದ್ದ. ಹುಡುಗಿ ಚುರುಕು. ಒಂದು ದಿನ ನೀರು ಕೇಳಿದಳು. ಹೆಂಡತಿ ವಿಭಾ ಸ್ಟೀಲಿನ ಲೋಟದಲ್ಲಿ ತಂದುಕೊಟ್ಟಳು. ಸಂಜೆ ಕೈಕಾಲು ತೊಳೆಯಲು ಹೋದಾಗ ಆ ಲೋಟ ಹಿತ್ತಿಲ ನಲ್ಲಿಯ ಹತ್ತಿರ ಬೋರಲಾಗಿ ಕೂತಿತ್ತು. ಬೇರೆ ಇಡುವ ಗುರುತಿಗೆಂದು ಅದರ ತಳಕ್ಕೆ ಸಂಪದಾಳ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟಿದ್ದರು. ಅವನು ನೋಡಿ ಒಳಗೆ ಬಂದ. ಹೆಂಡತಿ ಕೆಟ್ಟವಳಲ್ಲ, ಅವಳ ಅತ್ತೆ ಕಲಿಸಿದ್ದನ್ನು ಮಾಡಿದ್ದಾಳೆ ಎಂದುಕೊಂಡ. ಮುಂದಿನ ವಾರದಿಂದ ಮಾಹೀರಾ ತನ್ನದೇ ನೀರಿನ ಬಾಟಲಿ ತರತೊಡಗಿದಳು. ಲೋಟ ಎತ್ತಿ ಕುಡಿಯುವವರಿಗೆ ತಳ ಕಾಣುವುದಿಲ್ಲ. ಎದುರು ಕೂತವರಿಗೆ ಮಾತ್ರ ಕಾಣುತ್ತದೆ ಎಂದು ಅವನು ನಂಬಿಕೊಂಡಿದ್ದ. ಆದರೆ ಬರಿದು ಮಾಡಿದ ಲೋಟವನ್ನು ಕುಡಿದವರೇ ಒಮ್ಮೆ ಬೋರಲು ಹಾಕಬೇಕಾಗುತ್ತದೆ. ಅವಳು ಬಾಟಲಿ ಪಕ್ಕಕ್ಕಿಟ್ಟು, ಸರ್ ಮುಂದಿನ ಲೆಕ್ಕ ಎಂದಳು.

ಬಿಸಿಲು ಏರಿತ್ತು. ಗಂಟಲು ಒಣಗಿದ್ದು ಈಗ ಗೊತ್ತಾಯಿತು. ಚೀಲದಲ್ಲಿ ನೀರಿತ್ತು, ಸುತ್ತ ಎಲ್ಲಿ ನೋಡಿದರೂ ನೀರೇ ಇತ್ತು. ಏಕಾದಶಿ ಎಂದ ಮೇಲೆ ಅವನ ಮನೆತನದಲ್ಲಿ ನೀರೂ ಇಲ್ಲ. ಅದು ಇಬ್ಬರಿಗೂ ಗೊತ್ತು. ದುರ್ಗೇಶ ಗಟಗಟ ಕುಡಿದು ಬಾಟಲಿ ಚಾಚಿದ. ಅಲ್ಲಾಭಕ್ಷ ತೆಗೆದುಕೊಂಡವನು ಕುಡಿಯಲಿಲ್ಲ. ಬಿರಡೆ ತಿರುವಿ ಕಾಲ ಬಳಿ ಇಟ್ಟ. ಕುಡಿಯೋ ಎಂದ ದುರ್ಗೇಶ. ಈಗ ಬೇಡ ಎಂದ. ಆಗ ಸುಯಮೀಂದ್ರನಿಗೆ ಹೈಸ್ಕೂಲಿನ ರಮ್ಜಾನ್ ತಿಂಗಳು ನೆನಪಾಯಿತು. ಅಲ್ಲಾಭಕ್ಷ ರೋಜಾ ಹಿಡಿದ ದಿನಗಳಲ್ಲಿ ತಾನು ಅವನೆದುರು ಕುಡಿಯಬಾರದೆಂದು ಶಾಲೆಯ ಗೋಡೆಯ ಹಿಂದೆ ಹೋಗಿ ನಲ್ಲಿಗೆ ಬಾಯಿ ಹಚ್ಚುತ್ತಿದ್ದ. ಆ ಹುಡುಗ ಒಳ್ಳೆಯವನಿದ್ದ ಎಂದು ಅವನಿಗೆ ತನ್ನ ಮೇಲೆಯೇ ಒಂದು ಕ್ಷಣ ಪ್ರೀತಿ ಬಂತು. ಕೂಡಲೇ ಅದೇ ಹುಡುಗ ಮಾಡಿದ ಇನ್ನೊಂದು ಕೆಲಸ ನೆನಪಾಗಿ ಪ್ರೀತಿ ಇಳಿದುಹೋಯಿತು. ಅಲ್ಲಾಭಕ್ಷನ ತಾಯಿ ಹುಸೇನಬಿ ಕೊಟ್ಟ ಬಿಸಿ ರೊಟ್ಟಿ ಬೆಲ್ಲ ತಾನೇ ಕೇಳಿ ತಿಂದಿದ್ದ. ಇನ್ನೊಂದು ಎಂದು ಕೇಳಿ ತಿಂದಿದ್ದ. ಯಾರೋ ನೋಡಿ ಅವನ ತಾಯಿ ಗೋಪಿಕಾಬಾಯಿಗೆ ಹೇಳಿದರು. ಅವ್ವ ಬಾಗಿಲಲ್ಲಿ ನಿಂತು ಕೇಳಿದಾಗ, ಅವರೇ ಒತ್ತಾಯ ಮಾಡಿ ತಿನ್ನಿಸಿದರು ಎಂದ. ಗೋಪಿಕಾಬಾಯಿ ಅವನನ್ನು ಎಳೆದುಕೊಂಡೇ ಎಲೆಗಾರರ ಓಣಿಗೆ ಹೋಗಿ, ಹೊಸ್ತಿಲಾಚೆ ನಿಂತು, ಓಣಿಗೆಲ್ಲ ಕೇಳುವ ಹಾಗೆ ಬೈದಳು. ಹುಸೇನಬಿ ಸೆರಗು ಎಳೆದುಕೊಂಡು, "ತಪ್ಪಾತ್ರಿ ಬಾಯಾರ, ಇನ್ನೊಮ್ಮಿ ಆಗಂಗಿಲ್ಲ," ಎಂದಳು. ಹೇಳುವಾಗ ಅವನ ಕಡೆ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ಮರೆತುಹೋಗುತ್ತಿತ್ತು. ಹುಡುಗನಿಗೆ ಏಟು ಬೀಳುತ್ತದಲ್ಲ ಎಂದು ನೋಡಿದಳು. ಅಂದಿನಿಂದ ಆ ಮನೆಯಿಂದ ಅವನಿಗೆ ಏನೇ ಬಂದರೂ ಹೊಸ ಪಾತ್ರೆಯಲ್ಲಿ ಬರುತ್ತದೆ. ನಲವತ್ತು ವರ್ಷ. ಬಂದ ಡಬ್ಬಿಗಳು ತಿರುಗಿ ಹೋದದ್ದಿಲ್ಲ. ಇವನ ಮನೆಯ ಅಟ್ಟದ ಮೇಲೆ ಒಂದರೊಳಗೊಂದು ಕೂತಿವೆ.

"ಸುಮ್ಮ ಕುಂದರ್ರಿ," ಎಂದು ದೋಣಿಯವನು ತಗ್ಗಿದ ದನಿಯಲ್ಲಿ ಹೇಳಿದ್ದು ಯಾಕೆಂದು ತಿಳಿಯುವ ಮೊದಲೇ ಎಡಗಡೆ ಮರದ ದಿಮ್ಮಿ ಎಂದುಕೊಂಡದ್ದು ಬಾಯಿ ಮುಚ್ಚಿಕೊಂಡಿತು. ಮೊಸಳೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದು, ಈಗ ನಾಲ್ಕು ಕಾಲ ಮೇಲೆ ಎದ್ದು, ಅವಸರವಿಲ್ಲದೆ, ದೋಣಿಯಿಂದ ಎರಡು ಮಾರು ದೂರದಲ್ಲಿ ನೀರಿಗೆ ಜಾರಿ ಕಾಣದಾಯಿತು. ದೋಣಿ ಸಣ್ಣಗೆ ಓಲಾಡಿತು. ಸುಯಮೀಂದ್ರ ಏನು ಮಾಡಿದ ಎಂದು ಅವನಿಗೆ ಗೊತ್ತಾದದ್ದು ಮಾಡಿದ ಮೇಲೆ. ಹಲಗೆಯಿಂದ ಎದ್ದು, ಅಲ್ಲಾಭಕ್ಷನ ತೋಳನ್ನು ಎರಡೂ ಕೈಯಿಂದ ಬಾಚಿ ಹಿಡಿದು, ಮುಖವನ್ನು ಅವನ ಹೆಗಲಿಗೆ ಒತ್ತಿಕೊಂಡಿದ್ದ. ಅಲ್ಲಾಭಕ್ಷ ಒಂದು ಕೈಯಿಂದ ಡಬ್ಬಿಯನ್ನೂ ಇನ್ನೊಂದರಿಂದ ಇವನ ಬೆನ್ನನ್ನೂ ಹಿಡಿದುಕೊಂಡು, ಹೋತು, ಹೋತು ಎನ್ನುತ್ತಿದ್ದ, ಕೂಸಿಗೆ ಹೇಳುವ ಹಾಗೆ. ದುರ್ಗೇಶ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಸುಯಮೀಂದ್ರ ತಿರುಗಿ ತನ್ನ ಜಾಗಕ್ಕೆ ಬಂದು ಕನ್ನಡಕ ಒರೆಸಿಕೊಂಡ. ಅಂಜಿದ್ದಕ್ಕೆ ನಾಚಿಕೆಯಾಗಲಿಲ್ಲ. ಜೀವ ಹೋಗುತ್ತದೆ ಎಂದಾಗ ಹಿಡಿದುಕೊಳ್ಳಲು ಆ ತೋಳು ಹೊಸತೋ ಹಳತೋ ಎಂದು ನೋಡಲಿಲ್ಲವಲ್ಲ, ಅದಕ್ಕೆ ನಾಚಿಕೆಯಾಯಿತು. ಅಂಗಿಯಿಂದ ಬಂದ ಎಲೆಯ ಹಸಿ ವಾಸನೆ ಇನ್ನೂ ಮೂಗಿನಲ್ಲಿತ್ತು.

ಆ ವಾಸನೆಯೇ ಗುರುವಾರವನ್ನು ಎಳೆದು ತಂದಿತು. ಮೊನ್ನೆ ಗುರುವಾರ ಸಂಜೆ ಕಾಲೇಜು ಬಿಟ್ಟು ಬರುವಾಗ ಶಿಗ್ಗಾಂವಿಯ ಬಸ್‌ಸ್ಟ್ಯಾಂಡಿನ ಎದುರು ಅಲ್ಲಾಭಕ್ಷ ಸಿಕ್ಕಿದ್ದ. ಇದೇ ಅಂಗಿ, ಇದೇ ವಾಸನೆ. ಇಬ್ಬರೂ ತಿಂಡಿಯ ಗಾಡಿಯ ಮುಂದೆ ನಿಂತು ಗಿರ್ಮಿಟ್ ತಿಂದರು, ಜೊತೆಗೆ ಎರಡೆರಡು ಮಿರ್ಚಿ. ಉಳ್ಳಾಗಡ್ಡಿ ಜಾಸ್ತಿ ಹಾಕು ಎಂದು ಸುಯಮೀಂದ್ರನೇ ಹೇಳಿದ್ದ. ಏನು ಇತ್ತ ಬಂದಿ ಎಂದು ಕೇಳಿದ್ದಕ್ಕೆ ಅಲ್ಲಾಭಕ್ಷ ಪೇಪರಿನ ಪೊಟ್ಟಣದಿಂದ ತಲೆ ಎತ್ತದೆ, "ಇವತ್ತ ಏಕಾದಶಿ ನೋಡು, ಮಠಕ್ಕ ಎಲಿ ಇಲ್ಲ, ಪುರಸೊತ್ತಾತು," ಎಂದಿದ್ದ. ಎಂದಿದ್ದ! ತನ್ನ ಬಾಯಿ ತುಂಬ ಉಳ್ಳಾಗಡ್ಡಿ ಇತ್ತು, ಅದರಲ್ಲೇ ನಕ್ಕಿದ್ದ. ಏಕಾದಶಿಗೆ ಮಠದಲ್ಲಿ ತಾಂಬೂಲವಿಲ್ಲ. ಮರುದಿನ ದ್ವಾದಶಿಗೆ ಬೆಳಕು ಹರಿಯುವುದರೊಳಗೆ, ಉಪವಾಸ ಬಿಡುವ ಪಾರಣೆಗೆ ಎಲೆಯ ಕಟ್ಟು ಮಠದ ಬಾಗಿಲಲ್ಲಿ ಇರಬೇಕು. ಅಲ್ಲಾಭಕ್ಷನ ಅಪ್ಪ ಕೊಡುತ್ತಿದ್ದ, ಈಗ ಇವನು ಕೊಡುತ್ತಾನೆ. ಅವನ ಅಂಗಡಿಯ ಗೋಡೆಗೆ ಉರ್ದು ಕ್ಯಾಲೆಂಡರಿನ ಪಕ್ಕದಲ್ಲಿ ಮಠದ ಪಂಚಾಂಗ ತೂಗುತ್ತದೆ. ಊರಿನ ಆಚಾರ್ಯರು ತಿಥಿ ಮರೆತರೆ ಅವನನ್ನು ಕೇಳುತ್ತಾರೆ. ಅಂಥವನ ಮುಂದೆ, ಜಗತ್ತಿನಲ್ಲಿ ಬೇರೆ ಯಾರೂ ಸಿಗದ ಹಾಗೆ ಅವನ ಮುಂದೆ, ಏಕಾದಶಿಯಾಗಿ ಮೂರು ದಿನಕ್ಕೆ ಮತ್ತೊಂದು ಏಕಾದಶಿ ಹುಟ್ಟಿಸಿದ್ದ. ಸುಯಮೀಂದ್ರನ ಕಿವಿ ಬಿಸಿಯಾದವು. ನನಗೆ ಲಕ್ಷ್ಯ ಇರಲಿಲ್ಲ ಎಂದನಲ್ಲ? ಅವನಿಗೆ ಲಕ್ಷ್ಯ ತಪ್ಪಿದ ಒಂದು ತಿಥಿಯೂ ಈ ನಲವತ್ತು ವರ್ಷದಲ್ಲಿ ಇಲ್ಲ. ಹಾಗಾದರೆ ಗೊತ್ತಾಗಿದೆ. ಇಲ್ಲ, ಗದ್ದಲದಲ್ಲಿ ನಿಜವಾಗಿ ಮರೆತಿರಬಹುದು. ಗೊತ್ತಾಗಿದೆ. ಅವನು ಅಲ್ಲಾಭಕ್ಷನ ಮುಖವನ್ನು ಕದ್ದು ನೋಡಿದ. ಅಲ್ಲಾಭಕ್ಷ ತಲೆ ಎತ್ತಿ ಮರ ನೋಡುತ್ತಿದ್ದ.

ಮರದ ಎತ್ತರದಲ್ಲಿ ಒಂದು ಪೊಟರೆ ಇತ್ತು. ಭಾರವಾದ ರೆಕ್ಕೆಗಳ ಸದ್ದು ಮಾಡುತ್ತ ದೊಡ್ಡ ಮಂಗಟ್ಟೆ ಹಕ್ಕಿ ಬಂದು ಅದರ ಮುಂದೆ ಕೂತಿತು. ದೋಣಿಯವನು ವಿವರಿಸಿದ: ಹೆಣ್ಣು ಒಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಮೊಟ್ಟೆಯ ಮೇಲೆ ಕೂತಿರುತ್ತದೆ, ಒಂದು ಸೀಳಷ್ಟೇ ಬಿಟ್ಟಿರುತ್ತದೆ, ತಿಂಗಳುಗಟ್ಟಲೆ ಗಂಡು ಹಣ್ಣು ತಂದು ಕೊಡಬೇಕು. ಹೊರಗಿನ ಹಕ್ಕಿ ಗಂಟಲಿನಿಂದ ಒಂದೊಂದೇ ಹಣ್ಣು ಹೊರತಂದು ಕೊಕ್ಕಿನ ತುದಿಯಲ್ಲಿ ಹಿಡಿದು ಸೀಳಿಗೆ ಒಡ್ಡಿತು. ಒಳಗಿನ ಕೊಕ್ಕು ಬಂದು ತೆಗೆದುಕೊಂಡಿತು. ಎಷ್ಟು ಸಲೀಸು. ಕೊಡುವುದೂ ಸಲೀಸು, ತೆಗೆದುಕೊಳ್ಳುವುದು ಇನ್ನೂ ಸಲೀಸು. ಈಗ ಹೇಳಿಬಿಡಬೇಕು ಎಂದುಕೊಂಡ ಸುಯಮೀಂದ್ರ. ಲೇ, ಇವತ್ತು ಏಕಾದಶಿ ಅಲ್ಲ, ಡಬ್ಬಿ ತೆಗಿ. ನಾಲ್ಕು ಮಾತು. ನಾಲಿಗೆಯ ಮೇಲೆ ಬಂದು ಕೂತವು. ಅಷ್ಟರಲ್ಲಿ ದುರ್ಗೇಶ ಫೋನಿನಲ್ಲಿ ಬರೆದದ್ದನ್ನು ದೊಡ್ಡ ದನಿಯಲ್ಲಿ ಓದಿದ: ಏಕಾದಶಿ ಉಪವಾಸದಲ್ಲೂ ಕಾಳಿ ನದಿಯಲ್ಲಿ ನಮ್ಮ ಸುಯಮೀಂದ್ರ. ಹೇಗಿದೆ ಎಂದು ಕೇಳಿದ. ಇಲ್ಲಿ ಸಿಗ್ನಲ್ ಇಲ್ಲ, ಮನೆ ಮುಟ್ಟಿದ ಮೇಲೆ ಗುಂಪಿಗೆ ಹಾಕುತ್ತೇನೆ ಎಂದ.

ಹಾನಗಲ್ಲಿನಲ್ಲಿ ಗುರುರಾಜರಾಯರು ಅದನ್ನು ಓದುತ್ತಾರೆ. ನಿತ್ಯ ಬೆಳಿಗ್ಗೆ ಸಂಕಲ್ಪದಲ್ಲಿ ತಿಥಿ ಹೇಳುವವರು. ಚತುರ್ದಶಿಯ ದಿನ ಏಕಾದಶಿ ಮಾಡುವ ಬೀಗರ ಫೋಟೊ ನೋಡಿ ಅವರು ಸಿಟ್ಟಿಗೇಳುವುದಿಲ್ಲ. ಮೆಲ್ಲಗೆ ನಕ್ಕು ಕನ್ನಡಕ ತೆಗೆದಿಡುತ್ತಾರೆ. ಹೊಲಸು ತಿಂದವನಿಗಿಂತ ಕಡೆಯಾಗಿ ಕಾಣುತ್ತೇನೆ ಎಂದುಕೊಂಡ ಸುಯಮೀಂದ್ರ. ಬರೆದದ್ದು ತೆಗೆ ಎಂದು ದುರ್ಗೇಶನಿಗೆ ಹೇಳಬೇಕು. ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂದು ಹೇಳಬೇಕಾಗುತ್ತದೆ, ಅಲ್ಲಾಭಕ್ಷನ ಎದುರು. ಚೆನ್ನಾಗಿದೆ ಎಂದುಬಿಟ್ಟ ಸುಯಮೀಂದ್ರ. ನಾಲಿಗೆಯ ಮೇಲಿದ್ದ ನಾಲ್ಕು ಮಾತನ್ನು ಉಗುಳಿನ ಜೊತೆ ನುಂಗಿದ. ಉಗುಳೂ ಇರಲಿಲ್ಲ.

ದಂಡೆಗೆ ಬಂದಾಗ ಕೋತಿಗಳ ಹಿಂಡು ಕಾದಿತ್ತು. ಒಂದು ನೇರ ಡಬ್ಬಿಗೇ ಹಾರಿತು. ಅಲ್ಲಾಭಕ್ಷ ಡಬ್ಬಿಯನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಬಾಗಿ ನಿಂತ. ಕೋತಿ ಅವನ ಮುಂಗೈ ಪರಚಿತು. ದುರ್ಗೇಶ ಕೋಲು ಬೀಸಿ ಓಡಿಸಿದ. ಕೊಟ್ಟುಬಿಡಬಾರದಾಗಿತ್ತೇ ಎಂದು ಸುಯಮೀಂದ್ರ ಕೇಳಿಬಿಟ್ಟ. ಕೇಳಿದ ಮೇಲೆ ತನ್ನ ಒಳಗಿನ ಆಸೆ ಅದೇ ಎಂದು ತಿಳಿಯಿತು: ಕೋತಿ ಒಯ್ದಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಅಲ್ಲಾಭಕ್ಷ ಪರಚಿದ ಜಾಗಕ್ಕೆ ನೀರು ಸುರಿದುಕೊಳ್ಳುತ್ತ, "ನಿನ್ನ ಹೆಸರಿಲೆ ಮಾಡಿದ್ದು. ಮಂಗ್ಯಾಗ ಯಾಕ ಕೊಡ್ಲಿ?" ಎಂದ.

ಹಳಿಯಾಳದಲ್ಲಿ ದವಾಖಾನೆ ನೋಡಿ ಅಲ್ಲಾಭಕ್ಷನಿಗೆ ಸೂಜಿ ಹಾಕಿಸಿದರು. ಆಮೇಲೆ ಚಹಾದ ಅಂಗಡಿ. ದುರ್ಗೇಶ ಚಹಾ ಕುಡಿದ. ಅಲ್ಲಾಭಕ್ಷ ಅದನ್ನೂ ಒಲ್ಲೆ ಎಂದ. ಕಾರು ಮತ್ತೆ ಹೊರಟು ಹತ್ತು ನಿಮಿಷವಾಗಿರಲಿಲ್ಲ, ಅವನ ಫೋನು ರಿಂಗಾಯಿತು. ಮಾಹೀರಾ. ನೀರುನಾಯಿ ಸಿಕ್ಕವೇ ಎಂದು ಮೊದಲು, ಆಮೇಲೆ ಹೋಳಿಗೆಯ ಮಾತು. ಮುಂದಿನ ಸೀಟಿನಲ್ಲಿ ಕೂತ ಅಲ್ಲಾಭಕ್ಷ ರಸ್ತೆಯನ್ನೇ ನೋಡುತ್ತ, "ಎರಡ ತಿಂದ್ರವ್ವಾ. ಮ್ಯಾಲ ಅರ್ಧಾ ಕೇಳಿ ಇಸ್ಕೊಂಡ್ರು," ಎಂದ. ಹಿಂದಿನ ಸೀಟಿನಲ್ಲಿ ಸುಯಮೀಂದ್ರನ ಮೈಯೆಲ್ಲ ಹಿಡಿಯಷ್ಟಾಯಿತು. ಇನ್ನು ಯಾವ ಅನುಮಾನವೂ ಉಳಿಯಲಿಲ್ಲ. ಏಕಾದಶಿ ಎಂದು ಅಲ್ಲಾಭಕ್ಷ ನಂಬಿದ್ದರೆ ಮಗಳಿಗೂ ಅದನ್ನೇ ಹೇಳುತ್ತಿದ್ದ. ಹೇಳಲಿಲ್ಲ. ಎಲೆಯ ಅಂಗಡಿಯಲ್ಲಿ ಬೆಳೆದ ಹುಡುಗಿ, ಏಕಾದಶಿ ಗುರುವಾರ ಆಯಿತಲ್ಲ ಎಂದು ಆ ಕ್ಷಣವೇ ಅನ್ನುತ್ತಿದ್ದಳು. ಅದಕ್ಕೇ ಈ ಎರಡು, ಈ ಅರ್ಧ. ಇವನ ಸುಳ್ಳನ್ನು ಮುಚ್ಚಲು ಅಲ್ಲಾಭಕ್ಷ ತನ್ನ ಮಗಳಿಗೆ ಸುಳ್ಳು ಹೇಳುತ್ತಿದ್ದಾನೆ. ಸರ್‌ಗೆ ಫೋನು ಕೊಡಿ ಎಂದಳು ಅವಳು. ಅಲ್ಲಾಭಕ್ಷ ತಿರುಗದೆ ಕೈ ಮಾತ್ರ ಹಿಂದಕ್ಕೆ ಚಾಚಿ ಫೋನು ಕೊಟ್ಟ. ಮುಂಗೈ ಮೇಲೆ ಔಷಧದ ಹಳದಿ ಬಣ್ಣವಿತ್ತು.

"ಭಾಳ ಚಲೋ ಆಗಿದ್ವವ್ವಾ," ಎಂದ ಸುಯಮೀಂದ್ರ.

"ಸರ್, ಅದರಾಗ ಒಂದು ಹೊಸಾದು ಹಾಕಿದ್ನಿ. ಏನಂತ ಗೊತ್ತಾತೇನ್ರಿ?"

ಯಾಲಕ್ಕಿ ಇರಬಹುದು. ಯಾಲಕ್ಕಿ ಎಲ್ಲರೂ ಹಾಕುತ್ತಾರೆ, ಹೊಸದಲ್ಲ. ಜಾಜಿಕಾಯಿ? ಗಸಗಸೆ? ಒಣಕೊಬ್ಬರಿ? ಕಟ್ಟೆಯ ಮೇಲೆ ಕೂತು ತಾನು ಪ್ರಶ್ನೆ ಕೇಳಿದಾಗ ಉತ್ತರ ಬರದ ದಿನ ಅವಳು ಪೆನ್ನಿನ ತುದಿ ಕಚ್ಚಿಕೊಂಡು ಕೂರುತ್ತಿದ್ದಳು. ಊಹೆ ಹೊಡೀಬ್ಯಾಡ, ಬರದಿದ್ದರ ಬರೂದಿಲ್ಲ ಅನ್ನು ಎಂದು ಇವನು ಗದರುತ್ತಿದ್ದ. ಈಗ ಊಹೆ ಹೊಡೆಯಲೂ ಬಾಯಿ ಬರಲಿಲ್ಲ. ಕಾರಿನ ಸದ್ದು ಮಾತ್ರ ಅವಳಿಗೆ ಕೇಳಿಸಿರಬೇಕು. ಆಮೇಲೆ ಅವಳೇ, ಹಿಂದೆ ಬಾಟಲಿ ಪಕ್ಕಕ್ಕಿಟ್ಟು ಮುಂದಿನ ಲೆಕ್ಕ ಎಂದಳಲ್ಲ, ಅದೇ ದನಿಯಲ್ಲಿ, "ಇರ್ಲಿ ಬಿಡ್ರಿ ಸರ್. ನೀರುನಾಯಿ ಫೋಟೊ ಕಳಸ್ರಿ," ಎಂದಳು.

ಹುಬ್ಬಳ್ಳಿ ದಾಟಿ ಹೆದ್ದಾರಿಗೆ ಬಿದ್ದಾಗ ಹೊತ್ತು ಮುಳುಗುತ್ತಿತ್ತು. ಎಡಗಡೆ, ಕೊಯ್ದು ಬೋಳಾದ ಹೊಲಗಳ ಮೇಲೆ ಚಂದ್ರ ಬಂದಿದ್ದ. ದೊಡ್ಡ ಚಂದ್ರ, ತಾಟಿನಷ್ಟು ದುಂಡಗೆ. ಸುಯಮೀಂದ್ರ ನೋಡಿದ್ದೇ ಬಲಗಡೆಯ ಕಿಟಕಿಗೆ ಮುಖ ತಿರುಗಿಸಿದ. ನೋಡಬೇಡಿ ಎಂದು ಚಂದ್ರನನ್ನು ಯಾರಿಂದ ಮುಚ್ಚಲಾಗುತ್ತದೆ? ದುರ್ಗೇಶ ಸ್ಟಿಯರಿಂಗ್ ಮೇಲೆ ಬೆರಳು ಬಡಿಯುತ್ತ ಹಾಡು ಗುನುಗುತ್ತಿದ್ದವನು ನಿಲ್ಲಿಸಿದ.

"ಅಲಾ, ನಾಳಿ ಹುಣ್ಣಿಮಿ. ನಮ್ಮಾಕಿ ಎಲ್ಲವ್ವನ ಗುಡ್ಡಕ್ಕ ಹೊಂಟಾಳ. ಹಂಗಾರ ಇವತ್ತ ಏಕಾದಶಿ ಹೆಂಗಾಗ್ತೈತಿ?"

ಕನ್ನಡಿಯಲ್ಲಿ ದುರ್ಗೇಶನ ಕಣ್ಣು ಹಿಂದಿನ ಸೀಟನ್ನು ಹುಡುಕಿತು. ಈಗ, ಎಂದುಕೊಂಡ ಸುಯಮೀಂದ್ರ. ಈಗ ಹೇಳದಿದ್ದರೆ ಇನ್ನು ಇಲ್ಲ. ಬಾಯಿ ತೆರೆದ. ಅಲ್ಲಾಭಕ್ಷ ಅವನಿಗಿಂತ ಮೊದಲು ಮಾತಾಡಿದ.

"ಮಠದವರ ಲೆಕ್ಕ ಬ್ಯಾರೆ ಇರ್ತೈತಿ. ಎಲಿ ಕೊಡ್ತಾಂವ ನಾನೋ, ನೀನೋ? ನೀ ರಸ್ತೆ ನೋಡಿ ಹೊಡಿ. ಮತ್ತ ಆ ಫೋಟೊದ ಮ್ಯಾಲ ಬರದದ್ದು ತಗದ ಹಾಕು. ಉಪಾಸ ಮಾಡಿದ್ದನ್ನ ಊರಿಗೆ ಸಾರಬಾರದು. ನಮ್ಮ ರೋಜಾಕ್ಕೂ ಹಂಗ."

ದುರ್ಗೇಶ ಒಪ್ಪಿದ. ಟೋಲ್ ಗೇಟಿನ ಸಾಲಿನಲ್ಲಿ ನಿಂತಾಗ ಅಳಿಸಿಯೂ ಬಿಟ್ಟ. ಗುರುರಾಜರಾಯರ ಕನ್ನಡಕ ಮೂಗಿನ ಮೇಲೆಯೇ ಉಳಿಯಿತು, ನಿಶ್ಚಯ ಉಳಿಯಿತು, ಎಲ್ಲವೂ ಉಳಿಯಿತು. ಇಷ್ಟು ಸುಲಭವಾಗಿ ಉಳಿಯಿತಲ್ಲ ಎಂದು ಸುಯಮೀಂದ್ರನಿಗೆ ಅಳು ಬರುವ ಹಾಗಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಕ್ಕಿದ್ದರೆ ತಾನೂ ನಗಬಹುದಿತ್ತು. ಮುಂದಿನ ಸೀಟಿನಲ್ಲಿ ನರೆತ ಕೂದಲಿನ ಹಿಂದಲೆ ಅಲುಗದೆ ಕೂತಿತ್ತು. ಹುಸೇನಬಿ ತೀರಿ ಹನ್ನೆರಡು ವರ್ಷವಾಯಿತು. ಅವಳು ಹೊಸ್ತಿಲಲ್ಲಿ ನೋಡಿದ ನೋಟ ಮಗನ ಕಣ್ಣಲ್ಲಿ ಈಗ ಇದ್ದಿರಬಹುದು. ಹಿಂದಿನಿಂದ ಕಾಣಲಿಲ್ಲ.

ಮನೆಯ ಓಣಿಯ ತಿರುವಿನಲ್ಲಿ ಕಾರು ನಿಂತಿತು. ದುರ್ಗೇಶ ಎಂಜಿನ್ ಬಂದ್ ಮಾಡದೆ ಕೂತ. ಅಲ್ಲಾಭಕ್ಷ ಇಳಿದು ಗೇಟಿನ ತನಕ ಜೊತೆಗೆ ಬಂದ. ಓಣಿಯಲ್ಲಿ ಜನವಿರಲಿಲ್ಲ. ಬೆಳದಿಂಗಳು ಕಟ್ಟೆಯ ಮೇಲೆ ಬಿದ್ದಿತ್ತು, ಮಾಹೀರಾ ಕೂರುತ್ತಿದ್ದ ಜಾಗ ಖಾಲಿ ಇತ್ತು. ಸುಯಮೀಂದ್ರ ಹಿಂದೆ ನೋಡಿದ, ಮುಂದೆ ನೋಡಿದ, ಆಮೇಲೆ ಕೈ ಚಾಚಿದ. "ಆ ಡಬ್ಬಿ ಕೊಡು," ಎಂದ. ತಗ್ಗಿದ ದನಿಯಲ್ಲಿ ಎಂದ. ತಾನು ಹಿಂದೆ ಮುಂದೆ ನೋಡಿದ್ದನ್ನು ಅಲ್ಲಾಭಕ್ಷ ನೋಡಿದ ಎಂದು ಆಗಲೇ ಗೊತ್ತಾಯಿತು.

ಅಲ್ಲಾಭಕ್ಷ ಡಬ್ಬಿ ಇದ್ದ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡ. ಒಳಗಿನಿಂದ ಬಾಳೆಪಟ್ಟೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿದ ಎಲೆಯ ಸಣ್ಣ ಕಟ್ಟೊಂದನ್ನು ತೆಗೆದು ಚಾಚಿದ ಕೈಯ ಮೇಲೆ ಇಟ್ಟ. "ಇವತ್ತ ಏಕಾದಶಿ ಅಲ್ಲೇನ್ರಿ, ಸರ್," ಎಂದ. ದನಿಯಲ್ಲಿ ಕುಹಕವಿರಲಿಲ್ಲ, ಸಿಟ್ಟೂ ಇರಲಿಲ್ಲ, ದಣಿದಿದ್ದ ಅಷ್ಟೇ. "ನಾಳಿ ದ್ವಾದಶಿ. ಪಾರಣಿಗೆ ಎಲಿ ಬೇಕಾಗ್ತಾವ. ಎಳೇವು ಅದಾವ ನೋಡ್ರಿ." ನಲವತ್ತು ವರ್ಷದಲ್ಲಿ ಅವನು ಒಮ್ಮೆಯೂ ಸುಯಮೀಂದ್ರನಿಗೆ ರೀ ಅಂದಿರಲಿಲ್ಲ. ತಿರುಗಿ ಕಾರಿನ ಕಡೆ ನಡೆದ. ಚೀಲದಲ್ಲಿ ಡಬ್ಬಿ ಅವನ ಮೊಣಕಾಲಿಗೆ ಬಡಿಯುವ ಸದ್ದು ಓಣಿಯ ತುದಿಯವರೆಗೂ ಕೇಳಿಸಿತು.

ವಿಭಾ ಬಾಗಿಲು ತೆಗೆದವಳು ಅವನ ಕೈಯ ಕಟ್ಟನ್ನು ನೋಡಿದಳು. ಎಲೆ ಯಾಕೆ ಎಂದು ಕೇಳಿದಳು. ಅಲ್ಲಾಭಕ್ಷ ಕೊಟ್ಟ, ನಾಳೆ ದ್ವಾದಶಿಯಂತೆ ಎಂದ ಅವನು, ಚಪ್ಪಲಿ ಬಿಡುತ್ತ, ಅವಳ ಮುಖ ನೋಡದೆ.

"ನಾಳೆ ಹುಣ್ಣಿವಿ ಅಲ್ಲೇನು? ಅಂವ ತಿಥಿ ತಪ್ಪೂ ಮನಷ್ಯಾ ಅಲ್ಲಲ್ಲ."

"ಅಂವ ತಪ್ಪಿಲ್ಲ," ಎಂದ ಸುಯಮೀಂದ್ರ.

ಅವಳಿಗೆ ಅರ್ಥವಾಗಲಿಲ್ಲ. ಮುಖ ಬಾಡಿದ್ದು ನೋಡಿ ಒಳಗೆ ಹೋಗಿ ನೀರು ತಂದಳು. ತುಂಬಿದ ಲೋಟ, ಹೊರಗೆಲ್ಲ ತಣ್ಣಗೆ ಹನಿ ಕಟ್ಟಿತ್ತು. ಬೆಳಿಗ್ಗೆಯಿಂದ ಗಂಟಲು ಒಣಗಿತ್ತು, ಕೈ ತಾನಾಗಿ ಮುಂದೆ ಬಂತು. ಅವನು ಲೋಟ ಇಸಿದುಕೊಂಡ, ಮೇಲೆತ್ತಿ ತಳ ನೋಡಿದ. ಚುಕ್ಕೆ ಇರಲಿಲ್ಲ, ಮನೆಯವರ ಲೋಟ. ಹಾಗೇ ಅವಳ ಕೈಗೆ ತಿರುಗಿ ಕೊಟ್ಟ. ಯಾಕೆ, ಏನಾಯಿತು, ಮೈ ಹುಷಾರಿಲ್ಲವೇ ಎಂದು ಅವಳು ಕೇಳುತ್ತಲೇ ಇದ್ದಳು. ತೆರೆದ ಬಾಗಿಲಿನಿಂದ ಬೆಳದಿಂಗಳು ಒಳಗೆ ಬಂದು ಇಬ್ಬರ ಪಾದದ ಮೇಲೂ ಬಿದ್ದಿತ್ತು. ಸುಯಮೀಂದ್ರ ಎಲೆಯ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಒರಗಿ ಕೂತ.

"ಇವತ್ತ ಏಕಾದಶಿ ಅದ," ಎಂದ.